ಬೀಗ, ಪಹರೆ, ಆಣೆ: ಒಂದು ಕಾಗದದ ಕಾವಲು

ಹೆದರುವವರ ಮೇಲೆಯೇ ಹಾವು ಎಸೆಯುತ್ತಾರಂತೆ. ನಮ್ಮ ಮನೆಯಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ಆದರೆ ತೊಂಬತ್ತೇಳರಲ್ಲಿ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿ, ಸಂದರ್ಶನದ ಕಾಗದಕ್ಕೆ ಕಾದ ಎರಡು ತಿಂಗಳಲ್ಲಿ ಆದಷ್ಟು ಮತ್ತೆಂದೂ ಆಗಲಿಲ್ಲ.

ಕುಂಭಾಶಿ ಹತ್ತಿರದ ನಮ್ಮ ಕೇರಿಯ ಟಪಾಲನ್ನೆಲ್ಲ ಪೋಸ್ಟಣ್ಣ ತಿರುವಿನ ಗೂಡಂಗಡಿಯಲ್ಲಿ ಕೊಟ್ಟು ಹೋಗುತ್ತಿದ್ದರು. ಬಾಳೆಗೊನೆಯ ಪಕ್ಕದ ತಂತಿಗೆ ಚುಚ್ಚಿಟ್ಟ ಕಾಗದವನ್ನು ಯಾರು ಬೇಕಾದರೂ ಒಯ್ಯಬಹುದು. ಆಚೆಮನೆಯ ಹುಡುಗಿಯೂ ಅದೇ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಅವಳು ನನ್ನ ಕಾಗದ ಎತ್ತಿ ಒಲೆಗೆ ಹಾಕಿದರೆ? ಈ ಯೋಚನೆ ಬಂದ ದಿನವೇ ಅಪ್ಪಯ್ಯನ ಮುಂದೆ ಹೇಳಿಕೊಂಡೆ.

೧. ಬೀಗ

ಅಪ್ಪಯ್ಯ ಹಳೆ ದೋಣಿಯ ಹಲಗೆಯಲ್ಲಿ ಗಟ್ಟಿ ಪೆಟ್ಟಿಗೆ ಮಾಡಿ, ಬೀಗ ಜಡಿದು, ಗೇಟಿಗೆ ತೂಗುಹಾಕಿದರು. ಪೋಸ್ಟಣ್ಣ ಅದನ್ನು ಸುತ್ತಲೂ ತಡವಿ ಕೇಳಿದರು, "ಹ್ವಾಯ್, ಕಾಗ್ದ ಹಾಕುದ್ ಎಲ್ಲಿ?"

"ಕಂಡಿ ಇಟ್ರೆ ಕಳ್ರ್ ಕೈ ಹಾಕುದಿಲ್ಯಾ?" ಎಂದು ಅಪ್ಪಯ್ಯ ಬೀಗದ ಕೈಯನ್ನೇ ಅವರಿಗೆ ಕೊಟ್ಟರು.

ಕಳೆದುಹೋದರೆ ಕಷ್ಟ ಎಂದು ಪೋಸ್ಟಣ್ಣ ಆ ಬೀಗದ ಕೈಯನ್ನು ಜೋಪಾನವಾಗಿ ಗೂಡಂಗಡಿಯ ತಂತಿಗೆ ಸಿಕ್ಕಿಸಿದರು.

೨. ಪಹರೆ

ಮರುದಿನದಿಂದ ನಾನೇ ರಸ್ತೆಯಲ್ಲಿ ನಿಂತೆ.

"ನಂಗೆ ಕಾಗ್ದ ಇತ್ತಾ?"

"ಇಲ್ಲ ಮಾರಾಯ್ತಿ."

ಭಯಕ್ಕೆ ನಂಬಿಕೆ ಎಲ್ಲಿಯದು? ದಿನಾ ಪೀಡಿಸಿದೆ. ಒಂದು ದಿನ ಅವರಿಗೆ ರೇಗಿತು. "ಕಾಣ್, ನೀನೇ ಕಾಣ್!" ಎಂದು ಚೀಲವನ್ನು ಮೋರಿಕಟ್ಟೆಯ ಮೇಲೆ ಮಗುಚಿದರು. ಕಡಲ ಗಾಳಿ ಬೀಸಿತು, ಊರಿನ ಟಪಾಲೆಲ್ಲ ಗದ್ದೆಗೆ ಹಾರಿತು. ನನ್ನೊಂದು ಕಾಗದ ಕಾಯಲು ಹೋಗಿ ಊರವರ ಕಾಗದ ಕಳೆದೆನಲ್ಲ ಎಂದು ಅಳುತ್ತ ಕೆಸರಲ್ಲಿ ಹೆಕ್ಕಿದೆ. ಅಂಗಳದಲ್ಲಿ ಅಮ್ಮ ಮೀನು ಒಣಗಿಸುವ ಚಾಪೆಯ ಮೇಲೆ ಎಲ್ಲವನ್ನೂ ಹರಡಿ ಒಣಗಿಸಿದೆವು.

ಆ ವಾರ ಬೊಂಬಾಯಿಯಿಂದ ಬಂದ ಪ್ರೇಮಪತ್ರಗಳೂ ಒಣಮೀನಿನ ವಾಸನೆ ಹೊಡೆದವು.

೩. ಆಣೆ

ಇನ್ನು ದೇವರೇ ಗತಿ ಎಂದು ಅಮ್ಮ ಪೋಸ್ಟಣ್ಣನನ್ನು ಆನೆಗುಡ್ಡೆ ದೇವಸ್ಥಾನಕ್ಕೆ ಕರೆದೊಯ್ದು, ಗಣಪತಿಯ ಎದುರು ಆಣೆ ಹಾಕಿಸಿದಳು. ಮಗಳ ಕಾಗದ ಮಗಳ ಕೈಗೇ, ಬೇರೆ ಯಾರ ಕೈಗೂ ಅಲ್ಲ.

ಕಾಗದ ಬಂದದ್ದು ಸಂಕಷ್ಟಿಯ ದಿನ. ಸಂದರ್ಶನ ಮರುದಿನ ಬೆಳಿಗ್ಗೆಯೇ. ಕಾಗದ ಬರಲಪ್ಪಾ ಎಂದು ಬೇಡಿಕೊಳ್ಳಲು ನಾನು ಆನೆಗುಡ್ಡೆಗೆ ಹೋಗಿದ್ದೆ. ಮನೆ ಬಾಗಿಲಲ್ಲಿ ನಡೆದದ್ದನ್ನು ಅಮ್ಮ ಆಮೇಲೆ ಹೇಳಿದ್ದು.

"ಕೊಡಿ ಕಾಂಬ."

"ಕೊಡುಕಾಗ."

"ನಾನ್ ಅವಳ್ ಹೆತ್ತ ಅಬ್ಬಿ ಅಲ್ದಾ?"

"ಆಣೆ ಹಾಕ್ಸದ್ದ್ ನೀವೇ ಅಲ್ದಾ?"

ನಾನು ಎಲ್ಲಿದ್ದೇನೆಂದು ಕೇಳಿಕೊಂಡು ಪೋಸ್ಟಣ್ಣ ಸೈಕಲ್ ತಿರುಗಿಸಿ ಗುಡ್ಡೆಗೆ ಹೊರಟರು.

ಇತ್ತ ಪ್ರದಕ್ಷಿಣೆ ಬರುತ್ತ ನೋಡುತ್ತೇನೆ, ನನ್ನ ಮುಂದೆ ಆಚೆಮನೆಯ ಹುಡುಗಿ! ನನ್ನ ಕಾಗದ ಸುಟ್ಟು, ದೇವರಿಗೆ ತಪ್ಪುಕಾಣಿಕೆ ಹಾಕಲು ಬಂದಿದ್ದಾಳೆ ಎಂದೇ ತಿಳಿದೆ. ನನ್ನನ್ನು ಕಂಡು ಅವಳೂ ಬಿಳಿಚಿಕೊಂಡಳು. ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು.

ಅಷ್ಟರಲ್ಲಿ ಪೋಸ್ಟಣ್ಣ ಏದುಸಿರು ಬಿಡುತ್ತ ಬಂದು ಚೀಲದಿಂದ ಎರಡು ಲಕೋಟೆ ತೆಗೆದರು. ಒಂದು ನನಗೆ, ಒಂದು ಅವಳಿಗೆ.

"ಅವಳ ಕಾಗ್ದ ಇಲ್ಲಿವರೆಗೆ ಎಂತಕ್ಕೆ ತಂದ್ರಿ?" ಎಂದೆ.

"ನಾನ್ ಎಂತ ಮಾಡೂದ್ ಮಾರಾಯ್ತಿ? ನೀನ್ ಕದೀತಿ ಅಂದ್ಹೇಳಿ ಅವಳ್ ಅಬ್ಬಿಯೂ ಇಲ್ಲೇ ಆಣೆ ಹಾಕ್ಸಿರ್!"