ಟಿವಿಗೆ ಹೊದಿಸಿದ ಕೌದಿ

ಸಾವಿರದ ಒಂಬೈನೂರ ಎಪ್ಪತ್ಮೂರನೆಯ ಇಸವಿಯಲ್ಲಿ, ಏಳನೆಯ ಇಯತ್ತೆ ಮುಗಿಯುವ ಮೊದಲೇ, ನಾನು ಶಾಲೆ ಬಿಟ್ಟೆ. ಮಾಸ್ತರರು ಬಿಡಿಸಲಿಲ್ಲ, ನಾನೇ ಬಿಟ್ಟೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮರುದಿನವೇ ಅಫಜಲಪುರದಲ್ಲಿ ನಮ್ಮ ಕಾಕಾನ ಹಿಟ್ಟಿನ ಗಿರಣಿಯಲ್ಲಿ ಜೋಳದ ಚೀಲ ಹೊತ್ತೆ. ಅಂದಿನಿಂದ ಯಾರ ಮುಂದೆಯೂ ಕೈಚಾಚಿಲ್ಲ, ಯಾರಿಂದಲೂ ಒದರಿಸಿಕೊಂಡಿಲ್ಲ. ಇಬ್ಬರನ್ನು ಬಿಟ್ಟು. ಒಬ್ಬ ಇದೇ ಕಾಕಾ. ಇನ್ನೊಬ್ಬ, ಟಿವಿಯೊಳಗೆ ನಿಂತು ಸಾಬೂನು ಮಾರುವವನು. ಇವರಿಬ್ಬರ ನಡುವೆ ನಡೆದ ಯುದ್ಧದ ಕಥೆ ಇದು. ಇಡೀ ತಾಲೂಕಿನಲ್ಲಿ ಟಿವಿಗೆ ಕೌದಿ ಹೊದಿಸಿದ ಮನುಷ್ಯ ನಮ್ಮ ಕಾಕಾ ಒಬ್ಬನೇ. ಬೇರೆ ಯಾರಾದರೂ ಇದ್ದರೆ ತೋರಿಸಿ, ಅವರ ಮನೆಯ ಜೋಳವನ್ನು ವರ್ಷವಿಡೀ ಪುಕ್ಕಟೆ ಬೀಸಿಕೊಡುತ್ತೇನೆ!

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಗಿರಣಿಯ ಸದ್ದಿನಲ್ಲಿ ನಿಂತು ನಿಂತು ಅವನ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿ ತನಗೆ ಮನಸ್ಸು ಬಂದಾಗ ಕೆಲಸ ಮಾಡುತ್ತಿತ್ತು. ಗಿರಣಿಯಲ್ಲಿ ಬಾಯಿಂದ ಆಡಿದ ಮಾತು ಯಾರಿಗೂ ಕೇಳಿಸುವುದಿಲ್ಲವಲ್ಲ, ಹಾಗಾಗಿ ಅಲ್ಲಿ ಎಲ್ಲವೂ ಕೈಸನ್ನೆ. ಹೆಬ್ಬೆರಳನ್ನು ತೋರುಬೆರಳಿಗೆ ತಿಕ್ಕಿದರೆ ಹಿಟ್ಟು ಸಣ್ಣಗೆ ಬರಲಿ ಎಂದು. ಅಂಗೈ ಅಡ್ಡ ಆಡಿಸಿದರೆ ಗಿರಣಿ ನಿಲ್ಲಿಸು ಎಂದು. ಈ ಭಾಷೆ ಅವನ ಮೈಗೆ ಎಷ್ಟು ಅಂಟಿತ್ತೆಂದರೆ, ಮನೆಯಲ್ಲಿ ಕಾಕುವಿಗೂ, ಅಂದರೆ ಅವನ ಹೆಂಡತಿಗೂ, ಸನ್ನೆಯಲ್ಲೇ ಹುಕುಂ. ಒಮ್ಮೆ ಊಟಕ್ಕೆ ಕೂತವನು ಸಾರಿಗೆ ಉಪ್ಪು ಬೇಕೆಂದು ಬೆರಳು ತಿಕ್ಕಿದ. ಕಾಕು ಅದನ್ನು ಗಿರಣಿಯ ಲೆಕ್ಕದಲ್ಲಿ ಹಿಡಿದು, ಮರುದಿನ ಹಪ್ಪಳದಷ್ಟು ತೆಳುವಾದ ರೊಟ್ಟಿ ಬಡಿದಿಟ್ಟಳು. ಉಪ್ಪು ಮಾತ್ರ ಬರಲೇ ಇಲ್ಲ!

ಎಂಬತ್ತೇಳರಲ್ಲಿ ನಾನು ನನ್ನ ಸ್ವಂತ ದುಡಿಮೆಯಿಂದ ಟಿವಿ ತಂದೆ. ಕಪ್ಪುಬಿಳುಪಿನದು, ಮುಂದೆ ಎಳೆದು ಮುಚ್ಚುವ ಕಟ್ಟಿಗೆಯ ಬಾಗಿಲು ಇದ್ದದ್ದು. ಗುಲಬರ್ಗಾದಿಂದ ಬಸ್ಸಿನಲ್ಲಿ ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಕಂಡಕ್ಟರ್ ಅದಕ್ಕೂ ಅರ್ಧ ಟಿಕೀಟು ಹರಿದ. ಓಣಿಗೇ ಮೊದಲ ಟಿವಿ. ರವಿವಾರ ಮುಂಜಾನೆ ಪುರಾಣದ ಧಾರಾವಾಹಿ ಶುರುವಾಗುವ ಹೊತ್ತಿಗೆ ನಮ್ಮ ಪಡಸಾಲೆ ತುಂಬುತ್ತಿತ್ತು. ಮುಂದೆ ಮಕ್ಕಳು, ನಡುವೆ ಓಣಿಯ ಮಂದಿ, ಎಲ್ಲರಿಗಿಂತ ಹಿಂದೆ ಗೋಡೆಗೆ ಒರಗಿ ಕಾಕಾ, ಅವನ ಬಲಕ್ಕೆ ಸೆರಗು ಹೊದ್ದ ಕಾಕು. ಬಂದವರು ನನ್ನನ್ನು "ಸಾವ್ಕಾರ್ರ" ಎಂದು ಕರೆಯುತ್ತಿದ್ದರು. ಶಾಲೆ ಬಿಟ್ಟವನಿಗೆ ಇದಕ್ಕಿಂತ ದೊಡ್ಡ ಡಿಗ್ರಿ ಯಾವುದು?

ಈಗ ನನ್ನ ಸಿಟ್ಟಿನ ಮಾತು. ಧಾರಾವಾಹಿಯಲ್ಲಿ ದೇವರು ಮಾತಾಡುವಾಗ ದನಿ ಎಷ್ಟಿರುತ್ತದೆ? ಗುಡಿಯಲ್ಲಿ ಪೂಜಾರಿ ಮಂತ್ರ ಹೇಳುವಷ್ಟು. ಕಾಕಾನಿಗೂ ಕೇಳಲಿ ಎಂದು ನಾವು ಗುಂಡಿ ತಿರುವಿ ಸ್ವಲ್ಪ ಏರಿಸುತ್ತಿದ್ದೆವು. ಅಷ್ಟರಲ್ಲಿ ಬಂತಲ್ಲ ಜಾಹೀರಾತು! ಹಲ್ಲುಪುಡಿ ಮಾರುವವನು ಒದರಿದರೆ ಇದ್ದ ಹಲ್ಲೂ ಅಲ್ಲಾಡಬೇಕು. ತೊಟ್ಟಿಲಲ್ಲಿ ಕೂಸು ಚೀರುತ್ತಿತ್ತು, ಹಿತ್ತಿಲಲ್ಲಿ ಎಮ್ಮೆ ಹಗ್ಗ ಜಗ್ಗುತ್ತಿತ್ತು. ನನ್ನ ಮನೆ, ನನ್ನ ಟಿವಿ, ನನ್ನ ಕರೆಂಟು; ಒದರುವ ಹಕ್ಕನ್ನು ಅವನಿಗೆ ಕೊಟ್ಟವರು ಯಾರು? ಸಂತೆಯಲ್ಲಿ ಕೂಗಿ ಕೂಗಿ ಬಳೆ ಮಾರುವವಳೂ ಮನೆಯ ಹೊಸ್ತಿಲಿಗೆ ಬಂದರೆ ದನಿ ಇಳಿಸುತ್ತಾಳೆ. ಇಸ್ತ್ರಿ ಮಾಡಿದ ಅಂಗಿ ಹಾಕಿ, ಟೈ ಕಟ್ಟಿ, ಇಷ್ಟು ಕಲಿತು ನಿಂತವನಿಗೆ ಅಷ್ಟೂ ತಿಳಿಯಬಾರದೇ? ನಾನು ಇಷ್ಟು ವರ್ಷ ಹಿಟ್ಟು ಬೀಸಿದ್ದೇನೆ. "ಬರ್ರಿ, ನನ್ನ ಹಿಟ್ಟೇ ಬೆಳ್ಳಗದ" ಎಂದು ಯಾರ ಕಿವಿಯಲ್ಲೂ ಒದರಿಲ್ಲ.

ಆದರೆ ನನ್ನ ಸಿಟ್ಟು ಬಾಯಲ್ಲಿ, ಕಾಕಾನದು ಕೈಯಲ್ಲಿ. ಮೊದಲು ಅವನು ಸಾಬೂನಿನವನಿಗೆ ಅಂಗೈ ಅಡ್ಡ ಆಡಿಸಿ ತೋರಿಸಿದ. ಅವನು ನಿಲ್ಲಿಸಲಿಲ್ಲ. ಆಮೇಲೆ ಎದ್ದು ಹೋಗಿ ಟಿವಿಯ ಬಾಗಿಲು ಎಳೆದ. ಮುಖ ಮುಚ್ಚಿತು, ಬಾಯಿ ಮುಚ್ಚಲಿಲ್ಲ. ಗುಂಡಿ ತಿರುವಬಾರದಿತ್ತೇ ಎಂದು ನೀವು ಕೇಳಬಹುದು. ಅದನ್ನೂ ತಿರುವಿದ. ಗಿರಣಿಯ ಕಲ್ಲು ಬಿಗಿ ಮಾಡಿದ ಕೈ ಅದು. ಗುಂಡಿ ಕೈಗೇ ಬಂತು! ಅದು ರಿಪೇರಿಯಾಗುವವರೆಗೆ ನಾನು ಇಕ್ಕಳ ಹಿಡಿದು ದೇವರ ದನಿ ಏರಿಸಿ ಇಳಿಸಿದ್ದೇನೆ. ಅಂದಿನಿಂದ ಕಾಕಾ ಗುಂಡಿ ಮುಟ್ಟುವುದು ಬಂದ್.

ಆಗ ಬಂತು ಕೌದಿ. ಕಾಕಾ ದಿನಾ ಹೊರಗಿನ ಕಟ್ಟೆಯ ಮೇಲೆ ಮಲಗುವಾಗ ಹೊದೆಯುತ್ತಿದ್ದ, ಕಾಕು ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ದಪ್ಪ ಕೌದಿ. ಜಾಹೀರಾತಿನ ಮೊದಲ ಸೊಲ್ಲು ಕೇಳಿದ್ದೇ ತಡ, ಎದ್ದು ಬೀಸುತ್ತಿದ್ದ. ಭೀಮಾ ನದಿಯಲ್ಲಿ ಬಲೆ ಬೀಸುವವರೂ ನಾಚಬೇಕು. ಮಕ್ಕಳ ತಲೆಯ ಮೇಲಿಂದ ಹಾರಿ ನೇರ ಟಿವಿಯ ಮೇಲೆ! ಅರ್ಧ ಕಿವುಡನಿಗೆ ಗದ್ದಲದ ದೂರು ಎಂದು ಓಣಿಯೇ ನಕ್ಕಿತು. ಯಾರೋ ಕೇಳಿಯೂ ಬಿಟ್ಟರು. ಕಾಕಾ ಗಿರಣಿಯ ಕಡೆ ಕೈ ತೋರಿಸಿ, "ಕಾಳ ಇಲ್ಲದ ಕಲ್ಲೇ ಜೋರ ಒದರ್ತದ" ಎಂದ.

ಒಂದು ವಾರ ಕೌದಿ ತೆಗೆಯುವಷ್ಟರಲ್ಲಿ ರಾಕ್ಷಸ ನೆಲಕ್ಕೆ ಬಿದ್ದಾಗಿತ್ತು. ಎದುರು ಮನೆಯ ಮುದುಕಿ ಹಣೆ ಬಡಿದುಕೊಂಡಳು.

"ಅವ ಹ್ಯಾಂಗ ಸತ್ತನೋ ನೋಡಲೇ ಇಲ್ಲಲ್ಲೋ ಯಪ್ಪಾ. ತಿಂಗಳಿಂದ ಹಾದಿ ಕಾಯ್ದಿದ್ದೆ."

"ಹ್ಯಾಂಗರೆ ಸಾಯ್ಲಿ," ಅಂದ ಕಾಕಾ. "ಸತ್ತಾನಿಲ್ಲ? ಅಷ್ಟ ಸಾಕು."

ಇಷ್ಟಕ್ಕೇ ನಿಂತನೇ? ಗುಲಬರ್ಗಾಕ್ಕೆ ಹೋಗಿ ಟಿವಿ ಕೊಟ್ಟ ಅಂಗಡಿಯವನನ್ನೇ ಹಿಡಿದ. ಅವನು ನಯವಾಗಿ, "ಆವಾಜ್ ಮ್ಯಾಲಿಂದೇ ಹಂಗ ಬರ್ತದ್ರಿ ಯಜಮಾನ್ರ, ನಾವೇನ್ ಮಾಡೂದದ?" ಅಂದನಂತೆ.

"ಮಳಿನೂ ಮ್ಯಾಲಿಂದೇ ಬರ್ತದ. ಹಂಗಂತ ತೊಯ್ಸಿಕೋತ ನಿಂದರ್ತೀರೇನು? ಇದಕ್ಕೂ ಒಂದ ಛತ್ರಿ ಇದ್ರ ಕೊಡ್ರಿ."

ಅಂಗಡಿಯವನು ವ್ಯಾಪಾರಸ್ಥ. ಟಿವಿಗೆ ಹಾಕುವ ಪ್ಲಾಸ್ಟಿಕ್ ಹೊದಿಕೆಯೊಂದನ್ನು ಮಾರಿ ಕಳಿಸಿದ. ಕೌದಿಯ ಜೊತೆಗೆ ಅದೂ ಒಂದು ಸೇರಿತು!

ಅಷ್ಟರಲ್ಲಿ ಟಿವಿಯ ಬೆನ್ನಿನಿಂದ ಸುಟ್ಟ ವಾಸನೆ ಬರತೊಡಗಿತು. ಅದೇ ಹೊತ್ತಿಗೆ ಓಣಿಯ ಅರಿವೆ ಅಂಗಡಿಯವರು ಇನ್ನೂ ದೊಡ್ಡ ಟಿವಿ ತಂದರು. ನಮ್ಮ ಪಡಸಾಲೆಯ ಮಂದಿ ಒಬ್ಬೊಬ್ಬರಾಗಿ ಅತ್ತ ಸರಿದರು. ಮುಂದಿನ ರಾಕ್ಷಸನಾದರೂ ಸಾಯುವುದನ್ನು ನೋಡಬೇಕೆಂದು ಎದುರು ಮನೆಯ ಮುದುಕಿಯೂ ಹೋದಳು. ನನ್ನ ದುಡಿಮೆಯ ಟಿವಿ, ನನ್ನ ಸಾವ್ಕಾರಿಕೆ, ಎರಡೂ ಒಂದು ಕೌದಿಯ ಕೆಳಗೆ ಸಾಯುವುದೇ? ನನ್ನ ಪಿತ್ತ ನೆತ್ತಿಗೇರಿತು. ಕಾಕಾನ ಬಲಗಿವಿಯ ಹತ್ತಿರ ಹೋಗಿ ಹೇಳಿಬಿಟ್ಟೆ: "ಕಾಕಾ, ಈ ಮನ್ಯಾಗ ಟಿವಿ ಇರಬೇಕು, ಇಲ್ಲಾ ಕೌದಿ ಇರಬೇಕು. ಎರಡೂ ಇರಂಗಿಲ್ಲ." ಅವನು ಅಂಗೈ ಅಡ್ಡ ಆಡಿಸಿದ. ನಿಲ್ಲಿಸು ನಿನ್ನ ಗಿರಣಿ ಎಂದು!

ಆ ವಾರ ಕಾಕು, ಮಗಳ ಬಾಣಂತನಕ್ಕೆಂದು ಜೇವರ್ಗಿಗೆ ಹೋದಳು. ರವಿವಾರ ಬಂತು, ಧಾರಾವಾಹಿ ಬಂತು, ಜಾಹೀರಾತೂ ಬಂತು. ಸಾಬೂನಿನವನು ಮನೆ ಹಾರಿಹೋಗುವಂತೆ ಒದರಿದ. ಕೌದಿ ಮಡಚಿದ್ದು ಮಡಚಿದಂತೆ ಕಾಕಾನ ಪಕ್ಕದಲ್ಲೇ ಬಿದ್ದಿತ್ತು. ನಾನು ಗೆದ್ದೆ! ಮೀಸೆ ತೀಡಿಕೊಂಡು ಅವನ ಹತ್ತಿರ ಕೂತೆ.

"ಯಾಕ ಕಾಕಾ, ಇವತ್ತ ಕೌದಿ ಮ್ಯಾಲೇಳಲಿಲ್ಲ? ನನ್ನ ಮಾತು ನಾಟಿತೇನು?"

"ನಿನ್ನ ಮಾತ ಯಾಂವ ಕೇಳ್ಯಾನಲೇ," ಅಂದ, ಟಿವಿಯ ಕಡೆಯೇ ನೋಡುತ್ತ. "ಆಕಿ ಊರಾಗಿಲ್ಲ. ಇಂವ ಒದರಿದ್ರೇನು, ಬಿಟ್ರೇನು."

ನಾನು ಅವನ ಬಲಕ್ಕೆ, ಕಾಕು ಕೂಡುವ ಜಾಗದಲ್ಲಿ ಕೂತಿದ್ದೆ. ಅಲ್ಲಿ ಕೂತಾಗಲೇ ಹೊಳೆದದ್ದು.

ನಮ್ಮಲ್ಲಿ ಗಂಡಹೆಂಡತಿ ಮಂದಿಯ ಮುಂದೆ ಪಕ್ಕಪಕ್ಕ ಕೂತು ಮಾತಾಡುವ ರೂಢಿ ಇಲ್ಲ. ತುಂಬಿದ ಮನೆ. ಕಾಕು ಹಗಲೆಲ್ಲ ಒಲೆಯ ಮುಂದೆ, ರಾತ್ರಿ ಮೊಮ್ಮಕ್ಕಳ ನಡುವೆ. ಕಾಕಾ ಹಗಲೆಲ್ಲ ಗಿರಣಿ, ರಾತ್ರಿ ಕಟ್ಟೆ. ಟಿವಿ ಬಂದ ಮೇಲೆ ಎಲ್ಲರ ಮುಖವೂ ಆ ಪೆಟ್ಟಿಗೆಯ ಕಡೆ. ಹಿಂದೆ ಯಾರ ಪಕ್ಕ ಯಾರು ಕೂತರೆಂದು ನೋಡುವವರೇ ಇಲ್ಲ. ಆದರೆ ದೇವರು ಮಾತಾಡುವಾಗ ಪಿಸುಗುಟ್ಟಿದರೂ ಇಡೀ ಓಣಿ ತಿರುಗಿ ಗದರುತ್ತಿತ್ತು. ಉಳಿದದ್ದು ಜಾಹೀರಾತಿನ ಹೊತ್ತು ಒಂದೇ. ಅಷ್ಟರಲ್ಲಿ ಕಾಕು ಅವನ ಬಲಗಿವಿಗೆ ಬಾಗಿ ನಾಲ್ಕು ಮಾತು ಹೇಳಬೇಕು, ಆ ಮುದಿ ಕಿವಿ ಅದನ್ನು ಕೇಳಬೇಕು. ಮೇಲೆ ಈ ಸಾಬೂನಿನವನು ಒದರಿದರೆ?

ಒಮ್ಮೆ ನನ್ನ ಕಿವಿಗೂ ಬಿದ್ದಿತ್ತು. "ಹೊರಗ ಥಂಡಿ ಹತ್ತಲ್ಲೇನ್ರಿ ನಿಮಗ?" ಎಂದು ಕೇಳಿದ್ದಳು. ಕಾಕಾ ಸನ್ನೆ ಮಾಡಲಿಲ್ಲ. ಬಾಯಿ ತೆರೆದು, ಮೆತ್ತಗೆ, "ಕೌದಿ ಅದಲ್ಲ" ಎಂದಿದ್ದ. ಕೌದಿ ಆಗ ಟಿವಿಯ ಮೇಲಿತ್ತು.

ಕಾಕು ತಿರುಗಿ ಬಂದ ಮೊದಲ ರವಿವಾರ, ಜಾಹೀರಾತಿನ ಮೊದಲ ಸೊಲ್ಲಿಗೇ ನಾನು ಎದ್ದು ಹೋಗಿ ಗುಂಡಿ ಇಳಿಸಿದೆ. ಹಿಂದೆ ತಿರುಗಿ ನೋಡಿದರೆ ಕಾಕಾ ಹೆಬ್ಬೆರಳನ್ನು ತೋರುಬೆರಳಿಗೆ ತಿಕ್ಕುತ್ತಿದ್ದ. ಇನ್ನೂ ಸಣ್ಣಗೆ. ಪೂರ್ತಿ ಇಳಿಸಿದೆ.

ಈಗ ನನ್ನ ಹತ್ತಿರ ಗಿರಣಿ ಎರಡು ಇವೆ. ಬಣ್ಣದ ಟಿವಿ ಒಂದು, ಕೂತಲ್ಲಿಂದಲೇ ಅದರ ಬಾಯಿ ಮುಚ್ಚಿಸುವ ರಿಮೋಟ್ ಒಂದು. ಕಾಕಾ ಒಬ್ಬ, ಕಾಕು ಒಬ್ಬಳು, ಕೌದಿ ಒಂದು. ನನ್ನ ಕಿವಿ ಎರಡು, ಎಡಗಡೆಯದು ಹೋದ ವರ್ಷ ಗಿರಣಿಯ ಸದ್ದಿಗೆ ಹೋಯಿತು. ಹೆಂಡತಿ ಒಬ್ಬಳು, ಬಲಗಡೆ ಕೂಡುತ್ತಾಳೆ.