ಬಾಗಿಲು ಮುಚ್ಚಿದರೆ ಬೆಳಕು

ಟಣ್. ಅದರ ಬೆನ್ನಿಗೇ, "ಯಪ್ಪಾ ಶಿವನೇ, ಸತ್ನೆಪ್ಪಾ."

ಮೆಹದಿಪಟ್ಟಣದ ನಮ್ಮ ಗಲ್ಲಿಯಲ್ಲಿ ದಿನಾ ದೀಪ ಹಚ್ಚುವ ಹೊತ್ತಿಗೆ ಕೇಳಿಬರುವ ಸದ್ದು ಇದು. ಟಣ್ ಎನ್ನುವುದು ನಮ್ಮ ಪಿಕಪ್ ಗಾಡಿಯ ಕಬ್ಬಿಣದ ಮೆಟ್ಟಿಲು. ಶಿವನನ್ನು ಕರೆಯುವವರು ಅದಕ್ಕೆ ಮೊಣಕಾಲು ಬಡಿಸಿಕೊಂಡ ನನ್ನ ಅತ್ತೆ ಗದಿಗೆಮ್ಮ. ಗಲ್ಲಿಯ ಕಂಬದಲ್ಲಿ ಬಲ್ಬು ಇದೆ, ಉರಿಯುವ ಅಭ್ಯಾಸ ಅದಕ್ಕಿಲ್ಲ. ಅತ್ತೆ ಬಡಿದ ಜೋಳದ ಖಡಕ್ ರೊಟ್ಟಿಯನ್ನು ನನ್ನ ಗಂಡ ಬಸವಕಿರಣ ಆ ಗಾಡಿಯಲ್ಲಿ ಊರೆಲ್ಲ ಮುಟ್ಟಿಸುತ್ತಾರೆ. ಹೈದರಾಬಾದಿನಲ್ಲಿ ನಮ್ಮ ಕಡೆಯವರ ಮದುವೆ, ಕುಬಸ, ತೊಟ್ಟಿಲು ಯಾವುದೇ ಇರಲಿ, ನಮ್ಮ ಗಾಡಿ ಹೋಗುತ್ತದೆ. ಅತ್ತೆಯ ಮೊಣಕಾಲು ಮೊದಲು ಹೋಗುತ್ತದೆ.

ಒಂದು ಸಂಜೆ ಆ ಟಣ್ ಕೇಳಿ ನಾನೊಂದು ಘನ ಸಂಕಲ್ಪ ಮಾಡಿದೆ. ನಾನು ಸೇಡಂ ಕಡೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು. ನಮ್ಮ ಪ್ರಯೋಗಾಲಯದಲ್ಲಿ ಕರೆಂಟು ಇರುತ್ತಿರಲಿಲ್ಲವಾದ್ದರಿಂದ ವಿದ್ಯುತ್ತನ್ನು ನಾವು ಬಾಯಿಪಾಠ ಮಾಡುತ್ತಿದ್ದೆವು. ಅಂಥ ಕತ್ತಲೆಯಲ್ಲಿ ಬೆಳಕು ಕಲಿತವಳ ಮನೆಯ ಗಾಡಿಗೆ ಒಂದು ದೀಪವಿಲ್ಲವೆಂದರೆ ಏನರ್ಥ?

"ರೀ, ಗಾಡಿಗೆ ನಾನ ದೀಪ ಹಾಕ್ತೀನಿ," ಎಂದೆ. "ಬಾಗಲಾ ತಗದ್ರ ಸಾಕು, ಮೆಟ್ಟಿಲ ಕೆಳಗ, ಕನ್ನಡಿ ಕೆಳಗ, ಎರಡೂ ಮಗ್ಗಲ ಝಗ್ ಅಂತ ಬೆಳಕ. ಹಾಕಿದ್ರ ಆರತೈತಿ. ದೊಡ್ಡ ದೊಡ್ಡ ಕಾರಿಗೆ ಇರ್ತಾವಲ್ಲ, ಹಂಗ."

"ಅಂಗಡ್ಯಾಗ ಹಾಕಿಸಿದ್ರ ಆತಲ್ಲ."

"ಮನ್ಯಾಗ ಬಿಎಸ್ಸಿ ಇಟ್ಕೊಂಡು ಅಂಗಡಿಗೆ ಹೋಗ್ತಾರೇನು?"

"ಮನ್ಯಾಗ ಅವ್ವ ಕಷಾಯ ಕಾಸ್ತಾಳ. ಹಂಗಂತ ದವಾಖಾನಿ ಬಿಟ್ಟೀವೇನು?"

ಅತ್ತೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ, "ಹಾಕಲಿ ಬಿಡೋ," ಎಂದರು. "ಕಾಲ್ ನೋವಂತೂ ಐತಿ, ಮ್ಯಾಲೊಂದೀಟು ಕರೆಂಟೂ ಹೊಡೀಲಿ."

ಇದನ್ನು ನಾನು ಆಶೀರ್ವಾದವೆಂದು ಸ್ವೀಕರಿಸಿದೆ.

ಅವಸರಕ್ಕೆ ಕಾರಣವಿತ್ತು. ಕಾಚಿಗೂಡದಲ್ಲಿ ನಮ್ಮ ಸಮಾಜದ್ದೊಂದು ಹಾಲ್ ಇದೆ. ಅದರ ಬೀಗದ ಕೈಯೂ ಅಲ್ಲಿ ಊಟಕ್ಕೆ ಯಾರ ರೊಟ್ಟಿ ಬರಬೇಕೆಂಬ ಅಧಿಕಾರವೂ ಶಿವದೇವಿ ಕಾಕು ಅವರ ಸೆರಗಿನ ತುದಿಯಲ್ಲಿವೆ. ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಮೊದಲ ಸಲ ನಮಗೆ ರೊಟ್ಟಿ ಹೇಳಿದ್ದರು. "ನೋಡ್ ಗದಿಗೆಮ್ಮಕ್ಕ, ಇದು ಪಾಸಾದ್ರ ವರ್ಷದ ಕಾರ್ಯ ಎಲ್ಲಾ ನಿಮಗ. ಇಲ್ಲಂದ್ರ ಮಷಿನ್ ರೊಟ್ಟಿಯವ ದಿನಾ ಬಾಗಲಿಗೆ ಬಂದು ನಿಂದರ್ತಾನ." ಮಷಿನ್ ರೊಟ್ಟಿ ಎಂಬ ಮಾತು ಕೇಳಿದ ಮೇಲೆ ಅತ್ತೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಕೈಯಿಂದ ಬಡಿದ ರೊಟ್ಟಿ ಯಂತ್ರದೆದುರು ಸೋತಿತೆಂದರೆ ಅವರ ಪಾಲಿಗೆ ಅದು ಊಟದ ವಿಷಯವಲ್ಲ, ಕುಲದ ವಿಷಯ.

ನಾನು ಕೋಠಿಯ ಅಂಗಡಿಗೆ ಹೋದೆ. ಬಿಳಿ ದೀಪದ ಪಟ್ಟಿ ಆಸ್ಪತ್ರೆಯಂತೆ ಕಂಡಿತು. ಬಣ್ಣ ಬದಲಿಸುತ್ತ ಓಡುವ ಪಟ್ಟಿ ಕೊಂಡೆ. ಬಾಗಿಲ ಚೌಕಟ್ಟಿಗೆ ಕೂರಿಸಲು ಗುಂಡಿ ಬೇಕೆಂದಾಗ ಅಂಗಡಿಯವನು ಎರಡು ಬಗೆಯದನ್ನು ಮುಂದಿಟ್ಟ. ಒಂದು ಗಾಡಿಯ ಬಾಗಿಲಿನದಂತೆ, ಇನ್ನೊಂದು ಕರೆಗಂಟೆಯದಂತೆ. ಏನೋ ವಿವರಿಸಲು ಬಾಯಿ ತೆರೆದ. ನಾನು ಕೈಯೆತ್ತಿ ತಡೆದೆ. ಒತ್ತಿದರೆ ಹತ್ತಬೇಕು, ಬಿಟ್ಟರೆ ಆರಬೇಕು, ಇದಕ್ಕಿಂತ ಹೆಚ್ಚಿನ ವಿವರಣೆ ವಿಜ್ಞಾನಕ್ಕೇ ಬೇಕಿಲ್ಲ. ಕರೆಗಂಟೆಯ ಗುಂಡಿಗೆ ಅಂಚಿನಲ್ಲಿ ಚೆಂದದ ಉಂಗುರವಿತ್ತು. ಅದನ್ನೇ ತಂದೆ.

ಕಾರ್ಯದ ದಿನ ಮಧ್ಯಾಹ್ನ ಜೋಡಣೆ ಮುಗಿಯಿತು. ಬ್ಯಾಟರಿಯಿಂದ ಹೊರಟ ತಂತಿ ನಾನು ಕೂರುವ ಕಡೆಯ ಬಾಗಿಲಿಗೆ ಬಂದು, ಅಲ್ಲಿಂದ ಗಾಡಿಯ ಎರಡೂ ಪಕ್ಕ ಹಬ್ಬಿತು. ಎಲ್ಲಿ ನೋಡಿದರೂ ಕಪ್ಪು ಟೇಪು, ಯುದ್ಧದಿಂದ ಬಂದ ಸೈನಿಕನ ಕಾಲಿನ ಹಾಗೆ.

"ಆರಸಾಕ ಬ್ಯಾರೆ ಸ್ವಿಚ್ ಎಲ್ಲೈತಿ?" ಗಂಡ ಕೇಳಿದರು.

"ಬಾಗಲಾನ ಸ್ವಿಚ್ಚು. ಅದ ಇದರಾಗಿನ ಸೊಗಸು."

ಬಾಗಿಲು ತೆರೆದು, ಹೆಬ್ಬೆರಳಿನಿಂದ ಗುಂಡಿ ಒತ್ತಿದೆ. ನೀಲಿ, ಹಸಿರು, ಗುಲಾಬಿ ದೀಪಗಳು ಗಾಡಿಯ ಸೊಂಟದ ಸುತ್ತ ಡಾಬಿನಂತೆ ಹೊಳೆದವು. ಬೆರಳು ತೆಗೆದೆ. ಆರಿದವು. ಅತ್ತೆ ಬಂದು ಚಕ್ರಕ್ಕೆ ಕುಂಕುಮ ಹಚ್ಚಿದರು. ನನ್ನ ಬೆರಳು ಇಲ್ಲದಾಗ ಆ ಗುಂಡಿಯನ್ನು ಒತ್ತುವುದು ಮುಚ್ಚಿದ ಬಾಗಿಲು, ತೆರೆದ ಬಾಗಿಲಲ್ಲ ಎಂಬ ಸಂಗತಿ ಅಲ್ಲಿದ್ದ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ. ಅವರಿಬ್ಬರು ಬಿಎಸ್ಸಿ ಓದಿರಲಿಲ್ಲ. ಓದಿದವಳು ಕುಂಕುಮ ನೋಡುತ್ತಿದ್ದಳು.

ಬಿಸಿಲಿರುವಾಗಲೇ ರೊಟ್ಟಿ ಏರಿಸಿದೆವು. ಖಡಕ್ ರೊಟ್ಟಿಗೆ ಹಳ್ಳದಲ್ಲಿ ಒಂದು ಕುಲುಕಾಟ ಸಾಕು, ಪುಡಿ. ಅದಕ್ಕೆ ಬುಟ್ಟಿಯ ಮೇಲೆ ಬುಟ್ಟಿ ಇಟ್ಟು, ತುದಿಗೆ ಶೇಂಗಾ ಹಿಂಡಿಯ ಪುಟ್ಟ ಬುಟ್ಟಿ ಕೂರಿಸಿ, ಎಲ್ಲವನ್ನೂ ಬಿಳಿ ಧೋತರದಲ್ಲಿ ಬಿಗಿದು ಕಟ್ಟುವುದು ನಮ್ಮ ಪದ್ಧತಿ. ಅತ್ತೆ ಹಿಂದೆ ಕುಳಿತು ಅದನ್ನು ತಬ್ಬಿ ಹಿಡಿಯುತ್ತಾರೆ. ಗಂಡ ಎಮ್ಮೆಗೂ ದಾರಿ ಬಿಡುವ ವೇಗದಲ್ಲಿ ಓಡಿಸುತ್ತಾರೆ. ನಾನು ಮುಂದೆ ಕುಳಿತು ಬಾಗಿಲು ಎಳೆದುಕೊಂಡೆ.

ಮಾಸಾಬ್ ಟ್ಯಾಂಕ್ ದಾಟುವಾಗ ಹೊತ್ತು ಮುಳುಗಿತು. ಮೋಡದ ಅಂಚಿನಲ್ಲಿ ಮಾವಿನ ಸಿಪ್ಪೆಯ ಬಣ್ಣ. ರಸ್ತೆ ನಡುವಿನ ಗೋಡೆಯ ಮೇಲೆ ಗುಲಾಬಿಯ ಒಂದು ತೆಳು ನೆರಳು ನಮ್ಮ ಜೊತೆಗೇ ಓಡಿ ಬರುತ್ತಿತ್ತು. ಈ ಊರಿನ ಸಂಜೆಗೆ ಎಷ್ಟು ಸಂಕೋಚ, ಗೋಡೆ ಹಿಡಿದು ನಡೆಯುತ್ತದಲ್ಲ ಎಂದುಕೊಂಡೆ. ಅಷ್ಟರಲ್ಲಿ ಸಂಜೆ ಹಸಿರಾಯಿತು. ಆಮೇಲೆ ನೀಲಿಯಾಗಿ ಕಣ್ಣು ಮಿಟುಕಿಸಿತು.

"ಭಾಗ್ಯಾ, ಬಾಗಲಾ ಸರಿ ಹಾಕೀಯೇನು?"

"ಹಾಕೀನ್ರಿ."

"ಮತ್ತ ದೀಪ ಯಾಕ ಹತ್ಯಾವು?"

ಬಾಗಿಲನ್ನು ಚೂರು ತೆರೆದೆ. ಆರಿದವು. ಮುಚ್ಚಿದೆ. ಹತ್ತಿದವು.

"ಎಲ್ಲಾ ಬರೋಬರಿ ಐತ್ರಿ," ಎಂದೆ. "ತತ್ವ ಅಷ್ಟ ಉಲ್ಟಾ ಆಗೈತಿ."

"ಹಂಗಾರ ತತ್ವಾ ಹಿಡ್ಕೊಂಡು ಕುಂದ್ರು."

ಕಡಿಯುವ ಪಕ್ಕಡ ಮನೆಯಲ್ಲಿತ್ತು. ಟೇಪಿಗೆ ಹಲ್ಲು ಹಾಕಿ ನೋಡಿದೆ, ನನ್ನ ಕೆಲಸದ ಗಟ್ಟಿತನ ನನ್ನ ಹಲ್ಲಿಗೇ ಅರಿವಾಯಿತು. ಉಳಿದದ್ದು ಒಂದೇ ದಾರಿ. ಬಾಗಿಲು ಅರೆತೆರೆದು ಹಿಡಿದುಕೊಂಡೇ ಲಕಡಿಕಾಪುಲ್ ತನಕ ಬಂದೆ. ಅಲ್ಲಿ ಪೊಲೀಸಪ್ಪ ಸೀಟಿ ಊದಿದ.

"ಏಯ್ ಅಮ್ಮಾ, ಡೋರ್ ವೆಯ್ಯಿ!"

ಕಾನೂನಿಗೆ ತಲೆಬಾಗಿ ಬಾಗಿಲು ಹಾಕಿದೆ. ಗಾಡಿ ಧಗ್ಗನೆ ಬೆಳಗಿತು. ಪೊಲೀಸಪ್ಪನ ಮುಖದ ಸಿಟ್ಟು ಕರಗಿ ಭಕ್ತಿ ಮೂಡಿದ್ದನ್ನು ನಾನು ಕಣ್ಣಾರೆ ಕಂಡೆ. ಅಂದು ಗಣೇಶ ಕೂತ ಐದನೆಯ ದಿನ. ಊರಿನ ಅರ್ಧ ಗಣಪತಿಗಳು ಕೆರೆಯ ದಾರಿ ಹಿಡಿದಿದ್ದವು. ಅವನ ಕಣ್ಣಿನಿಂದ ನೋಡಿ: ಮೈತುಂಬ ಬಣ್ಣದ ದೀಪ ಹೊತ್ತ ಪಿಕಪ್ಪು. ಮೆಲ್ಲನೆ ಬರುತ್ತಿದೆ. ಹಿಂದೆ ಬಿಳಿ ಬಟ್ಟೆ ಹೊದ್ದು ಕೂತ ದೊಡ್ಡ ಹೊಟ್ಟೆಯ, ಸಣ್ಣ ತಲೆಯ ಒಂದು ಆಕಾರ. ಅದನ್ನು ತಬ್ಬಿ ಹಿಡಿದ, ಹಣೆತುಂಬ ವಿಭೂತಿಯ ಮುದುಕಿ. ಕಾಚಿಗೂಡಕ್ಕೆ ನೇರ ಹೋಗಬೇಕಿದ್ದ ನಮ್ಮನ್ನು ಅವನು ಎಡಕ್ಕೆ, ಗಣಪತಿ ಮುಳುಗಿಸುವ ನಿಮಜ್ಜನದ ಸಾಲಿಗೆ ಕೈ ಮಾಡಿ ತಿರುಗಿಸಿದ.

"ಸಾಬ್, ಗಣೇಶ್ ನಹೀ, ರೋಟಿ ಹೈ," ಎಂದರು ಗಂಡ.

"ಹೌ, ಹೌ, ಪ್ರಸಾದ್ ಬಾದ್ ಮೇ. ಚಲೋ, ಲೈನ್ ಮೇ ಚಲೋ."

ಆ ಸಾಲು ಸೇರಿದ ಮೇಲೆ ಹೊರಬರುವುದು ದೇವರಿಗೂ ಆಗದ ಕೆಲಸ, ಅದಕ್ಕೇ ಅವನನ್ನು ಹೊತ್ತುಕೊಂಡು ಹೋಗುತ್ತಾರೆ. ಮುಂದೆ ತಮಟೆಯ ಮೇಲೆ ತೀನ್‌ಮಾರ್ ಬಡಿಯುವ ತಂಡ. ಹಿಂದೆ ಲಾರಿಯ ಮೇಲೆ ಮೂರು ಮಾಳಿಗೆ ಎತ್ತರದ ಗಣಪ. ನಡುವೆ ನಾವು, ಜೋಳದ ದೇವರು. ನಾನು ಬಾಗಿಲು ತೆರೆದೆ, ದೀಪ ಆರಿತು. ಕೂಡಲೇ ನಾಲ್ಕಾರು ಜನ ಓಡಿ ಬಂದು, "ಅಯ್ಯೋ, ಲೈಟ್ ಪೋಯಿಂದಿ," ಎಂದು ಮರುಗಿ, ಗಾಡಿಯ ಎಲ್ಲ ಕಡೆ ಗುದ್ದಿ, ಕೊನೆಗೆ ನನ್ನ ಬಾಗಿಲನ್ನು ದಢಾರನೆ ಮುಚ್ಚಿದರು. ಬೆಳಕು ಬಂತು. ಜೈಕಾರ ಹಾಕಿದರು.

ಶಿವದೇವಿ ಕಾಕು ಅವರ ಫೋನ್ ಬಂತು. ಗಂಡ ಎತ್ತಿದರು. ಆಕೆಯ ದನಿ ತಮಟೆಯನ್ನೂ ಸೀಳಿಕೊಂಡು ಬರುತ್ತಿತ್ತು.

"ಮಂದಿ ಎಲಿ ಮುಂದ ಕುಂತಾರ, ಎಲ್ಲದೀಯೋ?"

"ಮೆರವಣಿಗ್ಯಾಗ ಅದೀನ್ರಿ ಕಾಕು."

"ಯಾರದು ಮೆರವಣಿಗಿ?"

ಗಂಡ ನನ್ನತ್ತ ಒಮ್ಮೆ ನೋಡಿದರು. "ನಮ್ಮದ ರಿ."

ಆಗಲೇ ಹಿಂದಿನ ಸಣ್ಣ ಕಿಟಕಿಯಲ್ಲಿ ನಾನು ನೋಡಬಾರದ್ದನ್ನು ನೋಡಿದೆ. ಎರಡೂ ಪಕ್ಕದಿಂದ ಕೈಗಳು ಮೇಲೆದ್ದಿದ್ದವು. "ಅಮ್ಮಾ, ಪ್ರಸಾದಂ, ಅಮ್ಮಾ." ನನ್ನ ಅತ್ತೆ ಮಠದ ದಾಸೋಹದ ಓಣಿಯಲ್ಲಿ ಹುಟ್ಟಿ ಬೆಳೆದವರು. ಧೋತರದ ಗಂಟು ಬಿಚ್ಚಿ, ರೊಟ್ಟಿ ಮುರಿದು, ಮೇಲೆ ಚಿಟಿಕೆ ಹಿಂಡಿ ಉದುರಿಸಿ ನೀಡತೊಡಗಿದ್ದರು.

"ಅತ್ತಿ, ಕೊಡಬ್ಯಾಡ್ರಿ, ಅದು ಪ್ರಸಾದ ಅಲ್ಲ, ಆರ್ಡರ್!"

"ಕೈ ಒಡ್ಡ್ಯಾರವ್ವ. ಪ್ರಸಾದ ಅಂತ ಕೈ ಒಡ್ಡಿದವರಿಗೆ ಇಲ್ಲ ಅಂಬೂ ಬಾಯಿ ನನಗ ದೇವರು ಕೊಟ್ಟಿಲ್ಲ."

"ವರ್ಷದ ಕೆಲಸ ಹೋಗ್ತೈತ್ರಿ."

"ಹಂಗಾರ ಇದು ಪ್ರಸಾದ ಅಲ್ಲಂತ ನೀನ ಇಳದು ಎಲ್ಲಾರಿಗೂ ಹೇಳು. ದೀಪಾ ಹಚ್ಚಿ ಕರದಾಕಿ ನೀನಲ್ಲೇನು?"

ನಾನು ಇಳಿಯಲಿಲ್ಲ. ಸಾಲು ತೆವಳಿತು, ರೊಟ್ಟಿ ಇಳಿಯಿತು. ಕೆರೆದಂಡೆಯ ಕ್ರೇನಿನ ಕೆಳಗೆ ಬರುವ ಹೊತ್ತಿಗೆ ನಮ್ಮ ಗಣಪ ಅರ್ಧ ಕರಗಿದ್ದ, ನೀರು ಮುಟ್ಟದೆಯೇ. ಇಬ್ಬರು ಹಗ್ಗ ಹಿಡಿದು ಮೇಲೆ ಹತ್ತಿ ಬುಟ್ಟಿಗೆ ಸುತ್ತಲು ಹೋದಾಗ ಅತ್ತೆ ಎದ್ದು ನಿಂತರು.

"ಇವು ಮುಳುಗಸೂವಲ್ಲೋ ಯಪ್ಪಾ, ತಿನ್ನೂವು."

ಭಾಷೆ ತಿಳಿಯದಿದ್ದರೂ ದನಿ ತಿಳಿಯಿತು. ಅತ್ತೆ ಬಟ್ಟೆ ಸರಿಸಿ ತೋರಿಸಿದರು. ದುಂಡನೆಯ ರೊಟ್ಟಿಗಳು ಕ್ರೇನಿನ ದೀಪಕ್ಕೆ ಹುಣ್ಣಿಮೆಗಳಂತೆ ಒಂದರ ಮೇಲೊಂದು ಮಲಗಿದ್ದವು. ಕ್ರೇನಿನವನು ಕೊಕ್ಕೆ ಮೇಲೆತ್ತಿ, ತನಗೂ ಒಂದು ಬೇಕೆಂದು ಸನ್ನೆ ಮಾಡಿದ. ಅದನ್ನೂ ಕೊಟ್ಟು ಪಾರಾದೆವು.

ಕಾಚಿಗೂಡದ ಹಾಲ್ ತಲುಪಿದಾಗ ಬಾಗಿಲಲ್ಲೇ ಶಿವದೇವಿ ಕಾಕು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಒಳಗೆ ಎಣ್ಣೆಗಾಯಿ ಎಲೆಯ ಮೇಲೆ ಆರುತ್ತಿತ್ತು. ಅವರು ಅಳಿದುಳಿದ ಬುಟ್ಟಿ ನೋಡಿದರು, ಅತ್ತೆಯನ್ನು ನೋಡಿದರು.

"ಗದಿಗೆಮ್ಮಕ್ಕ, ಉಳದ ರೊಟ್ಟಿ ಎಲ್ಲಿ? ಮಷಿನ್‌ದವಗ ಫೋನ್ ಹಚ್ಚಲೇನು?"

ನನ್ನ ಗಂಡ ನೆಲ ನೋಡಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅತ್ತೆ ನನ್ನನ್ನು ಮೊಣಕೈಯಿಂದ ಸರಿಸಿ, ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡರು.

"ಚಪ್ಪಲಿ ಬಿಟ್ಟು ಮುಟ್ಟವಾ ಶಿವದೇವಿ. ಗಣಪ್ಪನ ಮೆರವಣಿಗ್ಯಾಗ ಕುಂತು, ಕೆರಿ ದಂಡಿ ಮುಟ್ಟಿ ಬಂದಾವು. ಮಷಿನ್ ರೊಟ್ಟಿ ಹೋಗ್ತಾವೇನು ಅಲ್ಲಿಗೆ?"

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂಬುದೇ ನನ್ನನ್ನು ಬೆರಗಾಗಿಸಿದ್ದು. ಕಾಕು ಅವರ ಕಾಲಿನಿಂದ ಚಪ್ಪಲಿ ತಾನಾಗಿ ಕಳಚಿತು. ಪ್ರಸಾದ ಕಡಿಮೆಯಾಯಿತೆಂದು ದೂರುವ ಧೈರ್ಯ ಯಾವ ನೆಂಟನಿಗಿದೆ? ಒಬ್ಬೊಬ್ಬರಿಗೆ ಒಂದೊಂದು ಚೂರು, ಕಣ್ಣಿಗೊತ್ತಿಕೊಂಡು ತಿಂದರು. ಹೊಟ್ಟೆಯನ್ನು ಅನ್ನದಿಂದ ತುಂಬಿಸಿಕೊಂಡರು. ಕುಲುಕಾಡಿ ಪುಡಿಯಾದದ್ದನ್ನೂ ಅಂಗೈಯಲ್ಲಿ ಹಿಡಿದು, ತೊಟ್ಟಿಲಲ್ಲಿದ್ದ ಕೂಸಿನ ಹಣೆಗೆ ಮುಟ್ಟಿಸಿದರು.

ಊಟ ಮುಗಿದ ಮೇಲೆ ಕಾಕು ತೀರ್ಪು ಕೊಟ್ಟರು. "ವರ್ಷದ ರೊಟ್ಟಿ ನಿಮದ, ಅಕ್ಕ. ಆದ್ರ ಮುಂದಿನ ಸಲ ಆಟೋದಾಗ ತರ್ರಿ." ಆಮೇಲೆ ಕಿಟಕಿಯಿಂದ ಹೊರಗೆ ನೋಡಿದರು. ಬಾಗಿಲು ಭದ್ರವಾಗಿ ಮುಚ್ಚಿದ್ದ ನಮ್ಮ ಗಾಡಿ ಬೀದಿಯಲ್ಲಿ ಒಂಟಿಯಾಗಿ ಗುಲಾಬಿ, ಹಸಿರು, ನೀಲಿಯಾಗುತ್ತಿತ್ತು. "ಆ ದೀಪಾ ಯಾರ್ ಹಾಕಿದ್ದು?"

"ನಮ್ಮ ಸೊಸಿ," ಎಂದರು ಅತ್ತೆ. "ಬಿಎಸ್ಸಿ ಆಗ್ಯಾಳ. ಗಾಡಿ ತಾನ ಬೆಳಗತೈತಿ, ಇಳಿಯಾವರಿಗೆ ಕತ್ತಲ."

ಕಾಕು ವ್ಯಂಗ್ಯ ಕೇಳಿಸಿಕೊಳ್ಳಲಿಲ್ಲ. ಬಿಎಸ್ಸಿ ಮಾತ್ರ ಕೇಳಿಸಿಕೊಂಡರು. ನನ್ನ ಕೈ ಹಿಡಿದುಕೊಂಡರು. "ಭಾಳ ಛಲೋ ಆತ್ ನೋಡು ತಂಗಿ. ಸ್ಟೇಜ್ ಮ್ಯಾಲಿನ ದೀಪ ಹತ್ತವಲ್ವು, ಫೋಟೋದವ ಕಾಯಾಕತ್ಯಾನ. ನಮ್ ಹಾಲಿನ ಮೇನ್ ಬೋರ್ಡ್ ಒಂದೀಟು ತಗದು ನೋಡ್ತೀಯೇನು?"

ಇಡೀ ಹಾಲು ನನ್ನತ್ತ ತಿರುಗಿತು. ನನ್ನ ಗಂಡ ಕೂಸಿನ ತೊಟ್ಟಿಲನ್ನು ದೂರ ಸರಿಸುತ್ತಿದ್ದುದು ಕಂಡಿತು.

"ನೋಡಬಹುದ್ರಿ ಕಾಕು, ಅದರಾಗೇನಿಲ್ಲ," ಎನ್ನುತ್ತ ನಾನು ಮೆಲ್ಲಗೆ ಕೈ ಬಿಡಿಸಿಕೊಂಡು ಚಪ್ಪಲಿ ಹುಡುಕಿದೆ, "ಮೊದಲ ಫೇಸ್ ಯಾವುದು, ನ್ಯೂಟ್ರಲ್ ಯಾವುದು ನೋಡಬೇಕ, ಅದಕ್ಕ ನಾ ಒಂದ್ ಚೂರು ಗಾಡಿ ಕಡೆ ಹೋಗಿ ಪಕ್ಕಡ ತರ್ತೀನ್ರಿ." ಪಕ್ಕಡ ಇದ್ದದ್ದು ಮೆಹದಿಪಟ್ಟಣದ ಮನೆಯಲ್ಲಿ.