ಮಾವನವರ ಮಸೆಪಟ್ಟಿಗೆ ಮಜ್ಜನ

ಗೆದ್ದಲು ತಿಂದ ಓಲೆಗರಿಗಳಿಂದ ಅಳಿದ ಅಕ್ಷರಗಳನ್ನು ಎತ್ತಿ ಉಳಿಸಿದ ನನಗೆ, ಹೊಲಿಗೆ ಬಿಟ್ಟ ಒಂದು ತೊಗಲು ಯಾವ ಲೆಕ್ಕ! ಬಾಳ್ಳುಪೇಟೆಯ ನಮ್ಮ ಮನೆಯ ಜಗಲಿಯಲ್ಲಿ ನಿಂತು ನಾನು ಹೀಗೆ ಘೋಷಿಸಿದಾಗ, ಸಭೆಯಲ್ಲಿದ್ದವಳು ನನ್ನ ಧರ್ಮಪತ್ನಿ ಗುರುಶಾಂತಮ್ಮ ಒಬ್ಬಳೇ; ಅವಳೂ ನಂಬಲಿಲ್ಲ.

ಅದು ನನ್ನ ಮಾವ ರುದ್ರಯ್ಯನವರು ಕ್ಷೌರದ ಕತ್ತಿ ಮಸೆಯುತ್ತಿದ್ದ ಮೊಳದುದ್ದದ ಚರ್ಮದ ಪಟ್ಟಿ. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಅವರು ತಮ್ಮ ಗಡ್ಡವನ್ನು ಪರರ ಕೈಗೆ ಒಪ್ಪಿಸಿದವರಲ್ಲ. ಕಳೆದ ವರ್ಷ ಅವರು ಲಿಂಗೈಕ್ಯರಾದ ಮೇಲೆ ಪಟ್ಟಿ ನಮ್ಮ ಬಚ್ಚಲುಮನೆಯ ಮೊಳೆಗೆ ಬಂದು ನೇತಾಡಿತು. ಮೊನ್ನೆ ಇಲಿಯೊಂದು ಅದನ್ನು ನೇತುಹಾಕುವ ಉಂಗುರದ ಹೊಲಿಗೆಯನ್ನು ಕಡಿದುಹಾಕಿತು.

“ಸೋಮವಾರ ಅಪ್ಪನ ವರ್ಷದ ಸ್ಮರಣೆ ಐತೆ. ಅಷ್ಟರೊಳಗೆ ಅದು ಮೊಳೆ ಮೇಲಿರ್ಬೇಕು. ಸಕಲೇಶಪುರದಲ್ಲಿ ಚಪ್ಪಲಿ ಹೊಲಿಯೋರ ಕೈಗೆ ಕೊಟ್ಬನ್ನಿ, ಸಾಕು.”

“ನಾಲ್ಕು ಹೊಲಿಗೆಗೆ ಬಸ್ಸೇ? ನಾನಿಲ್ಲವೇ!”

“ನೀವಿದ್ದೀರಿ ಅಂತಲೇ ಭಯ ಕಣ್ರೀ!”

ಆದರೆ ಹೊಲಿಯುವಷ್ಟು ಬೆಳಕಿದ್ದುದು ದೇವರಮನೆಯ ಮುಂದಿನ ಪಡಸಾಲೆಯಲ್ಲಿ ಮಾತ್ರ. ಇಷ್ಟಲಿಂಗ ಧರಿಸಿದವನು ಬಚ್ಚಲಿನ ತೊಗಲನ್ನು ಅಲ್ಲಿಗೆ ಒಯ್ಯುವುದೆಂತು? ಮೊದಲು ಶುದ್ಧಿಯಾಗಲಿ! ಹಂಡೆಯಲ್ಲಿ ಕುದಿಯುತ್ತಿದ್ದ ನೀರಿಗೆ ಚಿಟಿಕೆ ವಿಭೂತಿ ಬೆರೆಸಿ, ಪಂಚಾಕ್ಷರಿಯನ್ನು ಜಪಿಸುತ್ತ, ಮಾವನವರ ಪಟ್ಟಿಗೆ ಸಾಂಗವಾಗಿ ಮಜ್ಜನ ಮಾಡಿಸಿದೆ.

ಶಿವಶಿವಾ! ಪಟ್ಟಿ ಜೀವ ಬಂದಂತೆ ಹೊರಳಿತು, ಮುರುಟಿತು. ಇಕ್ಕಳದಿಂದ ಎತ್ತಿದಾಗ ಮೊಳದ ವಸ್ತು ಗೇಣಾಗಿತ್ತು! ಹಿಗ್ಗಲೆಂದು ಹರಳೆಣ್ಣೆ ಬಳಿದೆ. ಜಾರಿತೇ ಹೊರತು ಹಿಗ್ಗಲಿಲ್ಲ. ಒರಳುಕಲ್ಲು ಹೇರಿದೆ, ಕಲ್ಲು ಸರಿಸಿದೊಡನೆ ಮತ್ತೆ ಸುರುಳಿ. ಕಡೆಗೆ ಗೋಣಿ ಹೊಲಿಯುವ ದಬ್ಬಳವನ್ನು ಚುಚ್ಚಿದರೆ, ದಬ್ಬಳ ಬಾಗಿತು, ತೊಗಲು ಬಾಗಲಿಲ್ಲ!

ಅಷ್ಟರಲ್ಲಿ ಗುರುಶಾಂತಮ್ಮ ಬಂದಳು. “ಅದೇನ್ರೀ ಕೈಯಾಗೆ, ಸುಟ್ಟ ಬದನೆಕಾಯಾ?”

“ಪಟ್ಟಿ... ಕೊಂಚ ಸಂಕ್ಷಿಪ್ತವಾಗಿದೆ.”

“ಅಯ್ಯೋ, ಅಪ್ಪನ ಪಟ್ಟೀನ ಬೇಯಿಸ್ಬುಟ್ರಾ!”

ಮುಂದೆ ಅವಳು ಬಯ್ಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಪಟ್ಟಿಯ ತುದಿಯನ್ನು ಬೆರಳಿನಿಂದ ತಡವುತ್ತ ಏನನ್ನೋ ಹುಡುಕಿದಳು.

“ಇಲ್ಲೊಂದು ತಗ್ಗಿತ್ತು ಕಣ್ರೀ. ಎಸ್ಟೇಟ್ ಮನೇದು ಮಣ್ಣಿನ ಗೋಡೆ, ಮೊಳೆ ನಿಲ್ತಿರ್ಲಿಲ್ಲ. ಅಪ್ಪ ಮಸೆಯೋವಾಗ ಆ ತುದಿ ನಾನು ಹಿಡ್ಕತಿದ್ದೆ, ಈ ತುದಿ ಅವರು. ಹಿಡಿದೂ ಹಿಡಿದೂ ಅವರ ಹೆಬ್ಬೆಟ್ಟಿನ ಗುರುತು ಬಿದ್ದಿತ್ತು. ಸ್ನಾನಕ್ಕೆ ಹೋದಾಗೆಲ್ಲ ಅದರಾಗೆ ನನ್ನ ಬೆರಳಿಟ್ಟು ಬರ್ತಿದ್ದೆ.”

ಅಳಿದ ಅಕ್ಷರಗಳ ಉದ್ಧಾರಕನಾದ ನಾನು, ಮಾವನವರು ಬಿಟ್ಟುಹೋಗಿದ್ದ ಒಂದೇ ಒಂದು ಗುರುತನ್ನು ಮಂತ್ರಸಹಿತವಾಗಿ ಅಳಿಸಿಬಿಟ್ಟಿದ್ದೆ.

ಸೋಮವಾರ ಪೂಜೆ ಮುಗಿದ ಮೇಲೆ ಅವಳು ಆ ಸುರುಳಿಯನ್ನು ತಂದು ಒಂದು ತುದಿಯನ್ನು ನನ್ನತ್ತ ಚಾಚಿದಳು. “ಹಿಡ್ಕಳಿ. ಮೊಳೆಗಂತೂ ಆಗಕಿಲ್ಲ.”

ಇಬ್ಬರೂ ಎಳೆದು ನಿಂತೆವು. ಪಟ್ಟಿ ಎಷ್ಟು ಗಿಡ್ಡವಾಗಿತ್ತೆಂದರೆ ಅವಳ ಬೆರಳ ಗೆಣ್ಣುಗಳು ನನ್ನವಕ್ಕೆ ತಾಗುತ್ತಿದ್ದವು.

“ಅಪ್ಪ ಮಸೆಯೋವಾಗ ಇಷ್ಟು ಹತ್ರ ನಿಂತಿದ್ರೆ ನನ್ನ ಮೂಗೇ ಹೋಗ್ಬುಡ್ತಿತ್ತು!” ಎಂದು ನಕ್ಕಳು. ನಗುತ್ತಿದ್ದಂತೆಯೇ ಅವಳ ಕಣ್ಣು ತುಂಬಿ ಹರಿಯಿತು. ಅದನ್ನು ಒರೆಸಲೆಂದು ನಾನು ಕೈ ಸಡಿಲಿಸಿದೆ.

“ಬಿಡಬ್ಯಾಡಿ! ಸುಮ್ನೆ ಹಿಡ್ಕಂಡಿರಿ. ಅಷ್ಟಾದ್ರೂ ಬರ್ತೈತಲ್ಲ ನಿಮಗೆ?”